ಜೆರ್ಡನ್ನನ 952 ಮತ್ತು 953

ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದ ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್ 1862ರಿಂದ 1864ರವರೆಗೆ ‘ದಿ ಬರ್ಡ್ಸ್ ಆಫ್ ಇಂಡಿಯಾ’ ಗ್ರಂಥವನ್ನು ಮೂರು ಸಂಪುಟಗಳಲ್ಲಿ ಹೊರತಂದ. ಅದರಲ್ಲಿ ಪ್ರತಿ ಹಕ್ಕಿಗೂ ಒಂದು ಕ್ರಮಸಂಖ್ಯೆ ಇದೆ. ಮೂರನೆಯ ಸಂಪುಟದಲ್ಲಿ ಬಾತುಗಳ ಸರದಿ ಬಂದಾಗ 952ನೆಯದು ಡೆಂಡ್ರೊಸಿಗ್ನಾ ಆವ್ಸೂರಿ, 953ನೆಯದು ಡೆಂಡ್ರೊಸಿಗ್ನಾ ಮೇಜರ್. ಮೊದಲನೆಯದು ನಮ್ಮ ಕೆರೆಗಳಲ್ಲಿ ಹಿಂಡುಹಿಂಡಾಗಿ ಕಾಣುವ ಕಿರು ಸಿಳ್ಳೆಬಾತು. ಎರಡನೆಯದು ದೊಡ್ಡ ಸಿಳ್ಳೆಬಾತು. ದಕ್ಷಿಣ ಭಾರತದಲ್ಲಿ ಅಲ್ಲೊಂದು ಇಲ್ಲೊಂದು ದಾಖಲೆ ಬಿಟ್ಟರೆ ಅಪರೂಪವೇ. ಜೆರ್ಡನ್ ಬಳಸಿದ ಈ ಎರಡು ಹೆಸರುಗಳೂ ಇಂದು ಬಳಕೆಯಲ್ಲಿಲ್ಲ. ಸಂಖ್ಯೆಗಳು ಮಾತ್ರ ಮುಂದೆ ಹಲವು ದಶಕ ಬಾಳಿದವು. ಹಳೆಯ ಪಟ್ಟಿಗಳಲ್ಲಿ ದಾರಿ ತಪ್ಪದೆ ನಡೆಯಲು ನನಗೆ ನೆರವಾದದ್ದೂ ಅವೇ.

ಈ ಹುಡುಕಾಟಕ್ಕೆ ಇಳಿಯಲು ಕಾರಣ ಗಚ್ಚಿಬೌಲಿ. ಇಲ್ಲಿನ ಹೈದರಾಬಾದ್ ವಿಶ್ವವಿದ್ಯಾಲಯ 1974ರಲ್ಲಿ ಸ್ಥಾಪನೆಯಾದದ್ದು. ಆವರಣದಲ್ಲೂ ಅದಕ್ಕೆ ತಾಗಿದ ಕಂಚ ಗಚ್ಚಿಬೌಲಿಯ ಬಂಡೆಗಾಡಿನಲ್ಲೂ ಬಫೆಲೋ ಲೇಕ್, ಪೀಕಾಕ್ ಲೇಕ್ ಎಂದು ವಿದ್ಯಾರ್ಥಿಗಳು ಕರೆಯುವ ನೀರಿನ ತಾಣಗಳಿವೆ. ಸುತ್ತ ಗಾಜಿನ ಕಟ್ಟಡಗಳು ಎದ್ದು ನಿಂತರೂ ಈ ನೀರಿಗೆ ಸಿಳ್ಳೆಬಾತುಗಳು ಬರುವುದು ನಿಂತಿಲ್ಲ. 2025ರ ಮಾರ್ಚ್ ಕೊನೆಯಲ್ಲಿ ಕಂಚ ಗಚ್ಚಿಬೌಲಿಯ 400 ಎಕರೆಗೆ ಬುಲ್ಡೋಜರುಗಳು ನುಗ್ಗಿದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ವಿಷಯವನ್ನು ಕೈಗೆತ್ತಿಕೊಂಡು ಮರ ಕಡಿಯುವುದನ್ನು ನಿಲ್ಲಿಸಿತು. ಅದುವರೆಗೆ ಕೆಲವೇ ಆಸಕ್ತರ ಕೈಯಲ್ಲಿದ್ದ ಹಕ್ಕಿಗಳ ಪಟ್ಟಿ ಆ ದಿನಗಳಲ್ಲಿ ಒಮ್ಮೆಗೇ ಸಾಕ್ಷಿಯ ಪಟ್ಟಕ್ಕೇರಿತು. ಇಲ್ಲಿ ಏನೇನಿದೆ ಎಂದು ಪತ್ರಿಕೆಗಳು ಕೇಳಿದವು, ವಕೀಲರೂ ಕೇಳಿದರು. ಆ ಸಮಯದಲ್ಲೇ ಗೆಳೆಯರೊಬ್ಬರು ತಮ್ಮ ನೋಟ್‌ಬುಕ್ ತೆರೆದು ತೋರಿಸಿದರು. ಒಂದು ಸಾಲಿನಲ್ಲಿ ‘ದೊಡ್ಡ ಸಿಳ್ಳೆಬಾತು’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಜೊತೆಗೊಂದು ಚಿತ್ರವೂ ಇತ್ತು: ಸಂಜೆಯ ಬಿಸಿಲು, ಜೊಂಡಿನ ಅಂಚು, ಇಟ್ಟಿಗೆಗೆಂಪು ತಲೆಯ ಮೂರು ಬಾತು. ‘ಇದನ್ನೂ ಪಟ್ಟಿಗೆ ಸೇರಿಸೋಣವೇ ಸರ್?’ ಎಂದರು.

ಸೇರಿಸಿದರೆ ಪಟ್ಟಿಯ ತೂಕ ಹೆಚ್ಚುತ್ತದೆ ಎಂಬ ಆಸೆ ಸಹಜ. ಆದರೆ ನ್ಯಾಯಾಲಯದ ಮುಂದೆ ಹೋಗುವ ಪಟ್ಟಿಯಲ್ಲಿ ಒಂದು ಹೆಸರು ಅಲುಗಾಡಿದರೆ ಉಳಿದ ಇನ್ನೂರು ಹೆಸರುಗಳ ಮೇಲೂ ಅನುಮಾನ ಬೀಳುತ್ತದೆ. ಹಾಗಾಗಿ ಮೊದಲು ಈ ಎರಡು ಹಕ್ಕಿಗಳನ್ನು ಜನ ಹೇಗೆ ಬೇರ್ಪಡಿಸುತ್ತ ಬಂದರು ಎಂಬುದನ್ನೇ ನೋಡಿಬಿಡೋಣ ಎಂದುಕೊಂಡೆ.

ಕಿರು ಸಿಳ್ಳೆಬಾತಿನ ದಾಖಲೆಯ ಬೇರು ನಮ್ಮ ದಖ್ಖನಿಗೂ ಚಾಚಿದೆ. ಬೊಂಬಾಯಿ ಸರ್ಕಾರಕ್ಕಾಗಿ ದಖ್ಖನಿನ ಅಂಕಿಅಂಶ ಕಲೆಹಾಕುತ್ತಿದ್ದ ವಿಲಿಯಂ ಹೆನ್ರಿ ಸೈಕ್ಸ್ 1832ರಲ್ಲಿ ದಖ್ಖನಿನ ಹಕ್ಕಿಗಳ ಪಟ್ಟಿಯನ್ನು ಲಂಡನ್ನಿನ ಝೂವಾಲಾಜಿಕಲ್ ಸೊಸೈಟಿಗೆ ಒಪ್ಪಿಸಿದ. ಅದರಲ್ಲಿ ಈ ಬಾತನ್ನು ‘ಮರೇಕಾ ಆವ್ಸೂರಿ’ ಎಂಬ ಹೊಸ ಹಕ್ಕಿಯೆಂದು ವರ್ಣಿಸಿದ್ದಾನೆ. ಸೈಕ್ಸ್‌ಗಿಂತ ಮೊದಲೇ, 1821ರಲ್ಲಿ, ಜಾವಾ ದ್ವೀಪದಲ್ಲಿ ವೈದ್ಯನಾಗಿ ದುಡಿದಿದ್ದ ಅಮೆರಿಕದ ಥಾಮಸ್ ಹಾರ್ಸ್‌ಫೀಲ್ಡ್ ಅದೇ ಹಕ್ಕಿಯನ್ನು ‘ಅನಾಸ್ ಜವಾನಿಕಾ’ ಎಂದು ಹೆಸರಿಸಿಯಾಗಿತ್ತು. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಪ್ರಾಣಿಶಾಸ್ತ್ರದ ನಿಯಮ. ವಿಲಿಯಂ ಸ್ವೇನ್‌ಸನ್ 1837ರಲ್ಲಿ ಸಿಳ್ಳೆಬಾತುಗಳಿಗೆಂದೇ ಡೆಂಡ್ರೊಸಿಗ್ನಾ ಕುಲವನ್ನು ರಚಿಸಿದ. ಬೀದರಿನಿಂದ ಹೈದರಾಬಾದಿನವರೆಗೆ ಪ್ರತಿ ಕೆರೆಯಲ್ಲೂ ಇರುವ ಹಕ್ಕಿ ಹೀಗೆ ಶಾಸ್ತ್ರದಲ್ಲಿ ಜಾವಾದ ಹೆಸರು ಹೊತ್ತು ಡೆಂಡ್ರೊಸಿಗ್ನಾ ಜವಾನಿಕಾ ಆಯಿತು. ಸೈಕ್ಸ್ ಇಟ್ಟ ದಖ್ಖನಿ ಹೆಸರು ಸಮಾನಾರ್ಥಕಗಳ ಸಾಲಿಗೆ ಸರಿಯಿತು. ಜೆರ್ಡನ್ ಮಾತ್ರ ತನ್ನ ಪುಸ್ತಕದಲ್ಲಿ ಅದನ್ನು ಬಿಡಲಿಲ್ಲ. ಅವನೂ ದಖ್ಖನಿನಲ್ಲಿ ಓಡಾಡಿದವನೇ: ಆಗಿನ ನಿಜಾಮ ರಾಜ್ಯದ ಜಾಲ್ನಾ ದಂಡಿನಲ್ಲಿದ್ದಾಗಲೇ ಹಕ್ಕಿಗಳ ಟಿಪ್ಪಣಿ ಕಲೆಹಾಕುತ್ತಿದ್ದ.

ದೊಡ್ಡ ಸಿಳ್ಳೆಬಾತಿನ ಕಥೆ ಇದಕ್ಕಿಂತ ದೂರದಿಂದ ಬರುತ್ತದೆ. ಸ್ಪೇನಿನ ಸೇನಾಧಿಕಾರಿ ಫೆಲಿಕ್ಸ್ ದೆ ಅಸಾರಾ ಗಡಿ ಗುರುತಿಸುವ ಕೆಲಸಕ್ಕೆಂದು ದಕ್ಷಿಣ ಅಮೆರಿಕಕ್ಕೆ ಹೋಗಿ ಸುಮಾರು ಎರಡು ದಶಕ ಅಲ್ಲೇ ಉಳಿದ. ಮೃಗಪಕ್ಷಿಗಳ ಬಗ್ಗೆ ಅಲ್ಲಿ ಅವನು ಬರೆದಿಟ್ಟ ಟಿಪ್ಪಣಿಗಳನ್ನು ಓದಿ ಫ್ರಾನ್ಸಿನ ಲೂಯಿ ವಿಯೆಯೋ 1816ರಲ್ಲಿ ಪರಾಗ್ವೆಯ ಆ ಬಾತಿಗೆ ‘ಅನಾಸ್ ಬೈಕಲರ್’ ಎಂದು ಹೆಸರಿಟ್ಟ. ಅದಕ್ಕೂ ಮುಂಚೆ 1789ರಲ್ಲಿ ಗ್ಮೆಲಿನ್ ಅದೇ ಹಕ್ಕಿಗೆ ‘ಅನಾಸ್ ಫುಲ್ವಾ’ ಎಂದಿದ್ದ. ಆ ಹೆಸರು ಅದಾಗಲೇ ಬೇರೊಂದು ಹಕ್ಕಿಗೆ ಬಳಕೆಯಾಗಿದ್ದರಿಂದ ಮುಂದೆ ಅದನ್ನು ಕೈಬಿಡಬೇಕಾಯಿತು. ಭಾರತದ ಹಕ್ಕಿಯನ್ನು ಕೈಯಲ್ಲಿ ಹಿಡಿದ ಜೆರ್ಡನ್ ಅದನ್ನು ಹೊಸದೆಂದೇ ಭಾವಿಸಿ ‘ಮೇಜರ್’ ಎಂದು ಕರೆದ. ಪರಾಗ್ವೆಯ ಜೌಗಿನ ಬಾತೂ ಬಂಗಾಳದ ಕೆರೆಯ ಬಾತೂ ಒಂದೇ ಎಂದು ಯಾರಿಗೆ ತಾನೇ ಹೊಳೆದೀತು? ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸವೇ ಸಿಗಲಿಲ್ಲ. ಇಂದಿಗೂ ಸಿಕ್ಕಿಲ್ಲ. ಅಮೆರಿಕ ಖಂಡಗಳು, ಆಫ್ರಿಕಾ, ಮಡಗಾಸ್ಕರ್, ದಕ್ಷಿಣ ಏಷ್ಯಾ ಇಷ್ಟರಲ್ಲೂ ಹರಡಿರುವ ಈ ಬಾತಿಗೆ ಒಂದೇ ಒಂದು ಉಪಜಾತಿಯಿಲ್ಲ. ಸಾಗರಗಳು ನಡುವೆ ಇದ್ದೂ ಮೈಬಣ್ಣ ಎಳ್ಳಷ್ಟೂ ಬೇರೆಯಾಗದಿರುವುದು ಹಕ್ಕಿಗಳ ಲೋಕದ ದೊಡ್ಡ ಸೋಜಿಗಗಳಲ್ಲೊಂದು. ನನ್ನ ಮಟ್ಟಿಗೆ ಈ ಇಡೀ ಹುಡುಕಾಟದಲ್ಲಿ ಎದುರಾದ ಅತ್ಯಂತ ಚೆಲುವಾದ ಸಂಗತಿ ಅದೇ.

ಹೆಸರುಗಳು ಹೀಗೆ ಬದಲಾಗುತ್ತಲೇ ಹೋದುದರಿಂದ ಹಳೆಯ ಪಟ್ಟಿ ಓದುವವರು ಎಚ್ಚರ ತಪ್ಪುವಂತಿಲ್ಲ. ‘ಆವ್ಸೂರಿ’ ಎಂದಿದ್ದರೆ ಕಿರಿದು. ‘ಮೇಜರ್’, ‘ಫುಲ್ವಾ’ ಎಂದಿದ್ದರೆ ಹಿರಿದು. ‘ಆರ್ಕ್ಯುವಾಟಾ’ ಎಂಬ ಹೆಸರು ಕಂಡರೆ ಇನ್ನೂ ಹುಷಾರಾಗಿರಬೇಕು. ಇಂಡೋನೇಷ್ಯಾ, ಆಸ್ಟ್ರೇಲಿಯಾ ಕಡೆಯ ಮೂರನೆಯ ಬಾತೊಂದಕ್ಕೆ ಸಲ್ಲುವ ಆ ಹೆಸರನ್ನು ಹತ್ತೊಂಬತ್ತನೆಯ ಶತಮಾನದ ಕೆಲವರು ಭಾರತದ ಕಿರು ಸಿಳ್ಳೆಬಾತಿಗೂ ಹಚ್ಚಿದ್ದರು. ಇಂಥ ಕಡೆ ಜೆರ್ಡನ್ನನ ಸಂಖ್ಯೆಗಳು ಕೈಹಿಡಿಯುತ್ತವೆ. ಅಲನ್ ಆಕ್ಟೇವಿಯನ್ ಹ್ಯೂಮ್ 1872ರಲ್ಲಿ ಆರಂಭಿಸಿದ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಊರೂರಿನ ಅಧಿಕಾರಿಗಳು ತಮ್ಮ ಸೀಮೆಯ ಪಟ್ಟಿ ಬರೆಯುವಾಗ ಹೆಸರಿನ ಮುಂದೆ ಆ ಸಂಖ್ಯೆಯನ್ನೇ ಹಾಕುತ್ತಿದ್ದರು. ಕ್ಯಾಪ್ಟನ್ ಬಟ್ಲರ್ ದಖ್ಖನ್ ಹಾಗೂ ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿ ಪ್ರಕಟಿಸಿದ್ದು ಅದೇ ಪತ್ರಿಕೆಯಲ್ಲಿ; ಬೆಳಗಾವಿ, ಧಾರವಾಡಗಳು ಆ ಸೀಮೆಗೆ ಸೇರಿದ್ದವು. ಡೇವಿಡ್‌ಸನ್ ಮತ್ತು ವೆಂಡನ್ 1878ರಲ್ಲಿ ಬರೆದ ದಖ್ಖನಿನ ಹಕ್ಕಿಗಳ ಲೇಖನವೂ ಅಲ್ಲೇ ಬಂತು. ಈಗ ಇವೆಲ್ಲ ಅಂತರ್ಜಾಲದ ಗ್ರಂಥಭಂಡಾರಗಳಲ್ಲಿ ಸಿಗುತ್ತವೆ. ಹಕ್ಕಿಯ ಹೆಸರು ಕೊಟ್ಟು ಹುಡುಕಿದರೆ ಅರ್ಧ ದಾಖಲೆ ತಪ್ಪಿಹೋಗುತ್ತದೆ, ಸಂಖ್ಯೆ ಕೊಟ್ಟರೆ ಸಿಗುತ್ತದೆ. ಹಳೆಯ ಪಟ್ಟಿಗಳ ಹಿಂದೆ ಬಿದ್ದಿರುವ ಕಿರಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಆ ಕಾಲದ ದಾಖಲೆ ಹುಟ್ಟುತ್ತಿದ್ದದ್ದು ಬಂದೂಕಿನಿಂದ. ಹ್ಯೂಮ್ ಮತ್ತು ಮಾರ್ಷಲ್ 1879ರಿಂದ 1881ರ ನಡುವೆ ಪ್ರಕಟಿಸಿದ ಬೇಟೆಹಕ್ಕಿಗಳ ಮೂರು ಸಂಪುಟಗಳಾಗಲಿ, ಸ್ಟುವರ್ಟ್ ಬೇಕರ್ 1908ರಲ್ಲಿ ತಂದ ‘ದಿ ಇಂಡಿಯನ್ ಡಕ್ಸ್ ಅಂಡ್ ದೆಯರ್ ಅಲೈಸ್’ ಆಗಲಿ, ಹೊಡೆದ ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿ ಬರೆದಂಥವು. ಹ್ಯೂಮ್ 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟ ಹಕ್ಕಿಮಾದರಿಗಳು, ಮೊಟ್ಟೆಗಳೆಲ್ಲ ಸೇರಿ 80 ಸಾವಿರಕ್ಕೂ ಹೆಚ್ಚು. ಆ ಹಿಂಸೆಯನ್ನು ಇಂದು ಯಾರೂ ಮೆಚ್ಚಲಾರರು, ನಾನೂ ಮೆಚ್ಚುವುದಿಲ್ಲ. ಆದರೂ ಒಂದು ಮಾತು ಒಪ್ಪಲೇಬೇಕು. ಬಾತು ಕೈಯಲ್ಲಿದ್ದಾಗ ರೆಕ್ಕೆ ಬಿಡಿಸಿ, ಬಾಲದ ಬುಡ ತಿರುಗಿಸಿ ನೋಡಬಹುದಿತ್ತು. ನೀರಿನ ಮೇಲೆ ಕೂತ ಸಿಳ್ಳೆಬಾತು ಆ ಎರಡನ್ನೂ ಮುಚ್ಚಿಕೊಂಡಿರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ದಾಖಲೆಯ ಹೊಣೆ ದುರ್ಬೀನಿಗೂ ಕ್ಯಾಮೆರಾಕ್ಕೂ ಬಂತು. ಅವು ತೋರಿಸುವುದು ಬಹಳ ಸಲ ತೇಲುವ ಹಕ್ಕಿಯ ಪಕ್ಕೆ, ಕತ್ತು, ತಲೆಯನ್ನಷ್ಟೇ.

ಹೈದರಾಬಾದ್ ರಾಜ್ಯದ ಹಕ್ಕಿಗಳ ಕ್ರಮಬದ್ಧ ಸಮೀಕ್ಷೆ ನಡೆಸಿದವರು ಸಲೀಂ ಅಲಿ. ನಿಜಾಮ ಸರ್ಕಾರದ ಬೆಂಬಲದಿಂದ 1931–32ರಲ್ಲಿ ನಡೆದ ಈ ಸಮೀಕ್ಷೆಯ ವರದಿ ಹ್ಯೂ ವಿಸ್ಲರ್ ಟಿಪ್ಪಣಿಗಳೊಂದಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933–34ರಲ್ಲಿ ಕಂತುಗಳಾಗಿ ಬಂತು. ಆಗಿನ ಹೈದರಾಬಾದ್ ರಾಜ್ಯವೆಂದರೆ ರಾಯಚೂರು, ಕಲಬುರಗಿ, ಬೀದರ್‌ಗಳೂ ಸೇರಿದ ನಾಡು. ನಮ್ಮ ಕಡೆಯವರು ಈ ವರದಿಯನ್ನು ಹೊರಗಿನದೆಂದು ಬದಿಗಿಡದೆ ಓದಬೇಕು. ಆದರೆ ಬಿಡಾರ ಹೂಡಿದ ಜಾಗಗಳನ್ನು ನೋಡಿದರೆ ಅಮ್ರಾಬಾದ್ ಪ್ರಸ್ಥಭೂಮಿಯ ಮನ್ನನೂರು, ಫರಹಾಬಾದ್, ಆದಿಲಾಬಾದ್ ಕಡೆಯ ಉಟ್ನೂರಿನಂಥ ಕಾಡಿನ ಊರುಗಳೇ ಎದ್ದು ಕಾಣುತ್ತವೆ. ಗಚ್ಚಿಬೌಲಿ ಆಗ ನಗರದ ಪಶ್ಚಿಮಕ್ಕಿದ್ದ ಬಂಡೆ, ಕುಂಟೆ, ಮೇವುಗಾಡಿನ ಹಳ್ಳಿ.

ಊರಿನ ಕೆರೆಗಳಿಗೆ ಕಾಯಂ ಕಣ್ಣು ಬಂದದ್ದು ಇತ್ತೀಚೆಗೆ. 1980ರಲ್ಲಿ ಹುಟ್ಟಿದ ಆಂಧ್ರಪ್ರದೇಶ ಪಕ್ಷಿವೀಕ್ಷಕರ ಸಂಘವೇ ಇಂದಿನ ಡೆಕ್ಕನ್ ಬರ್ಡರ್ಸ್. ಅವರ ‘ಪಿಟ್ಟ’ ಸುದ್ದಿಪತ್ರದಲ್ಲಿ ಹೈದರಾಬಾದ್ ಸುತ್ತಲಿನ ತಿರುಗಾಟಗಳ ವರದಿಗಳಿವೆ. 1987ರಲ್ಲಿ ಆರಂಭವಾದ ಏಷ್ಯಾ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ಕೆರೆಗಳ ಲೆಕ್ಕ ಹಿಡಿಯುತ್ತದೆ. ಆಮೇಲೆ ಇ-ಬರ್ಡ್ ಬಂತು. ಕಾರ್ನೆಲ್ ಪ್ರಯೋಗಾಲಯದವರು 2002ರಲ್ಲಿ ಆರಂಭಿಸಿದ ಈ ಭಂಡಾರಕ್ಕೆ ಇಂದು ಗಚ್ಚಿಬೌಲಿಯ ವಿದ್ಯಾರ್ಥಿಗಳೂ ಸಾಫ್ಟ್‌ವೇರ್ ನೌಕರರೂ ದಿನವೂ ಪಟ್ಟಿ ಕಳಿಸುತ್ತಾರೆ. ಆ ಊರಿಗೆ ಅಪರೂಪದ ಹಕ್ಕಿಯನ್ನು ನಮೂದಿಸಿದರೆ ಅದು ವಿವರ ಕೇಳುತ್ತದೆ, ಪರಿಶೀಲಕರೊಬ್ಬರು ಅದನ್ನು ಓದುತ್ತಾರೆ. ಯಾವುದೆಂದು ಖಚಿತವಿಲ್ಲದಿದ್ದರೆ ‘ಯಾವುದೋ ಒಂದು ಸಿಳ್ಳೆಬಾತು’ ಎಂದು ನಮೂದಿಸುವ ಅವಕಾಶವೂ ಇದೆ. ಈ ಅವಕಾಶವನ್ನು ಬಳಸುವವರ ಪಟ್ಟಿಯ ಮೇಲೆ ನನಗೆ ಹೆಚ್ಚು ಗೌರವ.

ಇನ್ನು ಹಕ್ಕಿಗಳ ವಿಷಯ. ಹೆಸರಿನಲ್ಲೇ ಕಿರಿದು, ಹಿರಿದು ಇರುವುದರಿಂದ ಎಲ್ಲರೂ ಮೊದಲು ಗಾತ್ರಕ್ಕೆ ಬೀಳುತ್ತಾರೆ. ಕಿರು ಸಿಳ್ಳೆಬಾತು 40 ಸೆಂಟಿಮೀಟರ್ ಆಸುಪಾಸು, ತೂಕ ಸುಮಾರು ಅರ್ಧ ಕಿಲೋ. ದೊಡ್ಡದು 45ರಿಂದ 53 ಸೆಂಟಿಮೀಟರ್, ಮುಕ್ಕಾಲು ಕಿಲೋ ಅಥವಾ ಇನ್ನೂ ಹೆಚ್ಚು. ಎರಡೂ ಒಟ್ಟಿಗೆ ನಿಂತಾಗ ಈ ಅಂತರ ಕಣ್ಣಿಗೆ ಹೊಡೆಯುತ್ತದೆ. ಒಂದೇ ಬಗೆ ಇದ್ದಾಗ ಕೆರೆಯ ಆಚೆ ದಡದ ಬಾತು ಎಷ್ಟು ಉದ್ದ ಎಂದು ಹೇಳಬಲ್ಲವರಿಲ್ಲ. ಬಣ್ಣವನ್ನೂ ಪೂರ್ತಿ ನಂಬುವಂತಿಲ್ಲ. ಕಿರಿದರ ನೆತ್ತಿ ಕಗ್ಗಂದು ಟೋಪಿ ಹಾಕಿದಂತೆ, ಕೆನ್ನೆ ಮತ್ತು ಕತ್ತು ಮಾಸಲು ಕಂದು, ಕಣ್ಣಿನ ಸುತ್ತ ಸಣ್ಣ ಹಳದಿ ಅಂಚು. ಹಿರಿದರ ತಲೆಯೆಲ್ಲ ಒಂದೇ ಕೆಂಗಂದು, ಹಿಂಗತ್ತಿನಲ್ಲಿ ಕಪ್ಪು ಗೆರೆ ಇಳಿದಿರುತ್ತದೆ, ಕತ್ತಿನ ಪಕ್ಕದಲ್ಲಿ ಬೆಳ್ಳಗಿನ ನವುರು ಗೀರುಗಳ ಪಟ್ಟೆ. ಸಂಜೆಯ ಬಿಸಿಲು ಬಿದ್ದರೆ ಮಾಸಲು ಕಂದೂ ಕೆಂಪಾಗಿಯೇ ತೋರುತ್ತದೆ. ಹಿರಿದರ ಪಕ್ಕೆಯಲ್ಲಿ ಕೆನೆಬಣ್ಣದ ದಪ್ಪ ಗೀರುಗಳು ಸಾಲಾಗಿರುತ್ತವೆ. ಈಜುವಾಗಲೂ ಕಾಣುವ ಒಳ್ಳೆಯ ಗುರುತು ಅದು. ಕಿರಿದರಲ್ಲಿ ಇಷ್ಟು ಎದ್ದು ಕಾಣುವ ಗೀರಿಲ್ಲ.

ಸಂಶಯವನ್ನೇ ಉಳಿಸದ ಗುರುತು ಹಾರಾಟದಲ್ಲಿದೆ. ಕಿರು ಸಿಳ್ಳೆಬಾತು ರೆಕ್ಕೆ ಬಿಚ್ಚಿದರೆ ಮೇಲ್ಗಡೆ, ಮುಂಭಾಗದ ಹೊದಿಕೆಗರಿಗಳು ಗಾಢ ಕೆಂಗಂದು. ಬಾಲದ ಬುಡದ ಮೇಲ್ಗರಿಗಳೂ ಅದೇ ಬಣ್ಣ. ದೊಡ್ಡದು ಹಾರಿದಾಗ ರೆಕ್ಕೆ ಬಹುಪಾಲು ಕಪ್ಪುಗಂದಾಗಿಯೇ ಇರುತ್ತದೆ, ಬಾಲದ ಬುಡದಲ್ಲಿ ಕೆನೆಬಿಳುಪಿನ ಕಮಾನು ಹೊಳೆಯುತ್ತದೆ. ಒಂದು ಕ್ಷಣ ಕಂಡರೂ ಸಾಕು. ಕೂಗಿನಲ್ಲೂ ವ್ಯತ್ಯಾಸವಿದೆ: ಕಿರಿದರದು ಎರಡು ಸ್ವರದ ಉಬ್ಬಸದ ಸಿಳ್ಳೆ, ಹಾರುತ್ತ ಮತ್ತೆ ಮತ್ತೆ ಅದನ್ನೇ ಹೇಳುತ್ತದೆ. ಹಿರಿದರದು ತುದಿಯಲ್ಲಿ ಎಳೆದು ಇಳಿಸುವಂಥದ್ದು. ಎರಡರಲ್ಲೂ ಗಂಡುಹೆಣ್ಣಿನ ಬಣ್ಣ ಒಂದೇ. ಹಾಗಾಗಿ ಒಂದೇ ಹಿಂಡಿನಲ್ಲಿ ಎರಡು ಬಗೆಯ ಬಣ್ಣ ಕಂಡರೆ ಗಂಡುಹೆಣ್ಣೆಂದು ಬಿಟ್ಟುಬಿಡದೆ ಇನ್ನೊಮ್ಮೆ ನೋಡಬೇಕು.

ಹಾಗಂತ ಹೈದರಾಬಾದಿಗೆ ದೊಡ್ಡ ಸಿಳ್ಳೆಬಾತು ಬರಲಾರದು ಎಂದು ಬಾಗಿಲು ಮುಚ್ಚುವುದೂ ಸರಿಯಲ್ಲ. ಅಲೆಮಾರಿತನ ಅದರ ಸ್ವಭಾವ. ಭಾರತದಲ್ಲಿ ಅದರ ನೆಲೆ ಬಂಗಾಳ, ಅಸ್ಸಾಂ, ಮಣಿಪುರದ ಕಡೆ. ಹೌರಾದ ಸಾಂತ್ರಾಗಾಚಿ ಕೆರೆಯಲ್ಲಿ ಚಳಿಗಾಲಕ್ಕೆ ಸೇರುವ ಸಾವಿರಾರು ಕಿರು ಸಿಳ್ಳೆಬಾತುಗಳ ನಡುವೆ ಕೆಲವು ದೊಡ್ಡವೂ ಇರುತ್ತವೆ. ಅಮೆರಿಕದಲ್ಲಿ ಭತ್ತದ ಗದ್ದೆಗಳೇ ಅದರ ಮನೆ. 1960ರ ದಶಕದಲ್ಲಿ ಟೆಕ್ಸಸ್ ಕರಾವಳಿಯ ರೈತರು ಆಲ್ಡ್ರಿನ್ ಲೇಪಿಸಿದ ಬೀಜ ಬಿತ್ತಿದಾಗ ಅದನ್ನು ತಿಂದ ಬಾತುಗಳು ಸತ್ತು, ಅಲ್ಲಿನ ಸಂಖ್ಯೆ ತೀವ್ರವಾಗಿ ಕುಸಿಯಿತು. ಅದೇ ಶತಮಾನದಲ್ಲಿ ಅದು ಕ್ಯೂಬಾದಂಥ ಹೊಸ ನಾಡಿಗೂ ಹೋಗಿ ಮರಿ ಮಾಡಿತು. ಇಂಥ ಹಕ್ಕಿ ಎಲ್ಲಿಗಾದರೂ ಬಂದೀತು. ಬಂದದ್ದಕ್ಕೆ ಪುರಾವೆ ಬೇಕು, ಅಷ್ಟೇ.

ಗೆಳೆಯರಿಂದ ಆ ಸಂಜೆ ತೆಗೆದ ಎಲ್ಲ ಚಿತ್ರಗಳನ್ನೂ ಕೇಳಿ ತರಿಸಿಕೊಂಡೆ. ನೋಟ್‌ಬುಕ್ಕಿಗೆ ಅಂಟಿಸಿದ್ದು ಚೆನ್ನಾಗಿ ಬಂದಿದ್ದ ಒಂದು. ಮಸುಕಾದವು ಮೆಮೊರಿ ಕಾರ್ಡಿನಲ್ಲೇ ಉಳಿದಿದ್ದವು. ಅಂಟಿಸಿದ ಚಿತ್ರದಲ್ಲಿ ಪಕ್ಕೆ ಜೊಂಡಿನ ಮರೆಗೆ ಹೋಗಿತ್ತು, ಬಾಲ ನೀರಿಗೆ ತಾಗಿತ್ತು, ಅದರಿಂದ ತೀರ್ಮಾನಿಸುವಂತಿರಲಿಲ್ಲ. ಮಸುಕಾದವುಗಳಲ್ಲಿ ಮೂರೂ ಬಾತು ಮೇಲೇಳುತ್ತಿದ್ದವು. ರೆಕ್ಕೆಯ ಮೇಲೆ ಕೆಂಗಂದು ಹೊದಿಕೆ ನಿಚ್ಚಳವಾಗಿತ್ತು, ಬಾಲದ ಬುಡದಲ್ಲಿ ಬಿಳುಪಿನ ಸುಳಿವೇ ಇರಲಿಲ್ಲ. ಮೂರೂ ಕಿರು ಸಿಳ್ಳೆಬಾತುಗಳೇ. ಗೆಳೆಯರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ ಸಾಲನ್ನು ಹೊಡೆದುಹಾಕದೆ, ಪಕ್ಕದಲ್ಲೇ ಗುರುತಿನ ಕಾರಣ ಮತ್ತು ಚಿತ್ರದ ಸಂಖ್ಯೆ ಬರೆದರು. ಮುಂದೆ ಓದುವವರಿಗೆ ಅನುಮಾನ ಹೇಗೆ ಬಂತು, ಹೇಗೆ ಪರಿಹಾರವಾಯಿತು ಎಂಬೆರಡೂ ಸಿಗುತ್ತವೆ. ಒಳ್ಳೆಯ ದಾಖಲೆ ಇರಬೇಕಾದದ್ದು ಹೀಗೆ.

ಅವರಿಗೆ ಸ್ವಲ್ಪ ನಿರಾಸೆಯಾಯಿತು. ನನಗಾಗಲಿಲ್ಲ, ಯಾಕೆಂದರೆ ಕಿರು ಸಿಳ್ಳೆಬಾತಿನ ಬದುಕೇ ಆ ಜಾಗದ ಪರವಾಗಿ ಸಾಕಷ್ಟು ಮಾತಾಡುತ್ತದೆ. ಬಾತು ಎಂದರೆ ನೀರಿದ್ದರೆ ಸಾಕು ಎಂದುಕೊಳ್ಳುವವರು ಬಹಳ. ಈ ಬಾತು ಮರದ ಕೊಂಬೆಯ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ಮರದ ಪೊಟರೆಯಲ್ಲಿ, ಇಲ್ಲವೇ ಬೇರೆ ಹಕ್ಕಿ ಬಿಟ್ಟುಹೋದ ಹಳೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಕೆಲವೊಮ್ಮೆ ನೀರಂಚಿನ ಪೊದೆ, ಹುಲ್ಲಿನ ನಡುವೆಯೂ ಇಡುತ್ತದೆ. ಒಂದು ಗೂಡಿಗೆ 7ರಿಂದ 12 ಮೊಟ್ಟೆ. ಗಂಡೂ ಹೆಣ್ಣೂ ಸರದಿಯಲ್ಲಿ ಮೂರು ವಾರಕ್ಕೂ ಹೆಚ್ಚು ಕಾವು ಕೊಡುತ್ತವೆ. ಮೇವು ಹುಡುಕುವುದು ಹೆಚ್ಚಾಗಿ ರಾತ್ರಿ, ಹಗಲು ಹಿಂಡು ಸೇರಿ ವಿಶ್ರಾಂತಿ. ಅಂದರೆ ಒಂದು ಕುಂಟೆಯಲ್ಲಿ ಈ ಬಾತು ವರ್ಷವಿಡೀ ಇದ್ದು ಮರಿ ಮಾಡಬೇಕಾದರೆ ನೀರಿನ ಜೊತೆಗೆ ಜೊಂಡು, ಸುತ್ತಲ ಹಳೆಯ ಮರಗಳು, ಹಗಲಿನ ನೆಮ್ಮದಿ ಎಲ್ಲವೂ ಬೇಕು. ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ ಜಾಗ ನೋಡಿಬಂದ ತೆಲಂಗಾಣ ಹೈಕೋರ್ಟಿನ ರಿಜಿಸ್ಟ್ರಾರ್ ಸುಮಾರು 100 ಎಕರೆಯಲ್ಲಿ ಹಸಿರು ನಾಶವಾಗಿದೆ ಎಂದು ವರದಿ ಕೊಟ್ಟರು. ಕೆರೆಯನ್ನು ಮುಟ್ಟುವುದಿಲ್ಲ, ಸುತ್ತಲ ಜಾಗವನ್ನಷ್ಟೇ ಬಳಸುತ್ತೇವೆ ಎಂಬ ವಾದ ಎಲ್ಲಿ ಕೇಳಿಬಂದರೂ ಈ ಬಾತಿನ ಗೂಡು ಎಲ್ಲಿರುತ್ತದೆ ಎಂದು ಕೇಳಬೇಕು.

ಹಾಗಾಗಿ ಈಗ ಗೆಳೆಯರಿಗೂ ಅವರ ಜೊತೆ ತಿರುಗುವ ಹುಡುಗರಿಗೂ ನಾನು ಕೇಳುತ್ತಿರುವುದು ಬೇರೆ ಲೆಕ್ಕ. ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾವ ಮರದಲ್ಲಿ ಜೋಡಿ ಕೂತಿತ್ತು, ಯಾವ ಪೊಟರೆಗೆ ಹೋಗಿಬಂತು, ಯಾವ ದಿನ ಮರಿಗಳು ನೀರಿಗಿಳಿದವು, ಎಷ್ಟು ಮರಿ, ಎರಡು ವಾರದ ಮೇಲೆ ಅದರಲ್ಲಿ ಎಷ್ಟು ಉಳಿದವು ಎಂಬುದನ್ನು ಬರೆದಿಡಬೇಕು. ಗೂಡಿನ ಹತ್ತಿರ ಹೋಗದೆ ದೂರದಿಂದಲೇ ನೋಡಬೇಕು. ಹಿಂಡು ತಾನಾಗಿ ಎದ್ದಾಗ ಬೆನ್ನ ಕಡೆಯಿಂದ ಒಂದು ಚಿತ್ರ ತೆಗೆಯಬೇಕು, ಮಸುಕಾದರೂ ಅಳಿಸಬಾರದು. ಈ ಮಳೆಗಾಲದ ಪಟ್ಟಿಗೆ ಹುಡುಗರು ಮರಗಳನ್ನು ಗುರುತು ಹಾಕಿದ ನಕ್ಷೆಯನ್ನೂ ಸೇರಿಸಲು ಒಪ್ಪಿದ್ದಾರೆ.